ಪ್ಲೊವ್ಡಿವ್ ಮನೆಗಳ ಮಾಳಿಗೆ ಬೀದಿಗೆ ಚಾಚಿದ್ದು ಯಾಕೆ?

ಬಲ್ಗೇರಿಯಾದ ಕಟ್ಟಡಗಳು ಅಂದ ಕೂಡಲೇ ಎಲ್ಲರೂ ಸೋಫಿಯಾದ ಅಲೆಕ್ಸಾಂಡರ್ ನೆವ್‌ಸ್ಕಿ ಚರ್ಚಿನ ಫೋಟೋ ತೋರಿಸುತ್ತಾರೆ. ಚಿನ್ನದ ಗುಮ್ಮಟ ಚೆನ್ನಾಗಿಯೇ ಇದೆ. ಆದರೆ 1912ರಲ್ಲಿ ಮುಗಿದ ಆ ಚರ್ಚಿನ ನಕ್ಷೆ ಪೊಮೆರಾಂತ್ಸೆವ್ ಎಂಬ ರಷ್ಯನ್ ವಾಸ್ತುಶಿಲ್ಪಿಯದು. ಆ ನೆಲದ ಮೇಸ್ತ್ರಿಗಳು, ಬಡಗಿಗಳು ಏನು ಮಾಡಬಲ್ಲವರಾಗಿದ್ದರು ಅನ್ನೋದು ತಿಳಿಯಬೇಕಾದರೆ ಪ್ಲೊವ್ಡಿವ್‌ನ ಹಳೇ ಊರು ನೋಡಬೇಕು. ಹಳೇ ಮರದ ಮನೆಗಳ ದುರಸ್ತಿಯೇ ನನ್ನ ಕಸುಬು, ಹಾಗಾಗಿ ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತದೆ ಬಿಡಿ.

ಅಲ್ಲಿನ ಮನೆಗಳ ಮಾಳಿಗೆ ಬೀದಿಯ ಮೇಲಕ್ಕೆ ಚಾಚಿಕೊಂಡಿರುತ್ತದೆ. ಸುಮ್ನೆ ಅಂದಕ್ಕೆ ಮಾಡಿದ್ದಲ್ಲ. ಗುಡ್ಡದ ಮೇಲಿನ ಊರು, ಓಣಿ ಅಂಕುಡೊಂಕು, ಜಾಗವೂ ಓರೆಕೋರೆ. ಕೆಳಗಿನ ಗೋಡೆ ಓಣಿಯ ಗೆರೆ ಹಿಡಿದೇ ಏಳಬೇಕು. ಮಾಳಿಗೆಗೆ ಆ ಕಟ್ಟುಪಾಡಿಲ್ಲ. ತೊಲೆಗಳನ್ನು ಹೊರಗೆ ಚಾಚಿ, ಅಡಿಯಲ್ಲಿ ಓರೆಯಾಗಿ ಮರದ ಆಸರೆ ಕೊಟ್ಟು, ಮೇಲೆ ಚೌಕದ ಕೋಣೆ ತೆಗೆದರು. ಜಾಗವೂ ಜಾಸ್ತಿ, ಬೆಳಕೂ ಜಾಸ್ತಿ.

ಹೀಗೆ ಚಾಚಲು ಮೇಲಿನ ಭಾಗ ಹಗುರ ಇರಬೇಕಲ್ವಾ? ಅದಕ್ಕೇ ಕೆಳಗೆ ದಪ್ಪ ಕಲ್ಲು ಗೋಡೆ, ಮೇಲೆ ಮರದ ಚೌಕಟ್ಟು. ಚೌಕಟ್ಟಿನ ನಡುವೆ ಹಸಿ ಇಟ್ಟಿಗೆ ಇಲ್ಲವೇ ಮರದ ಪಟ್ಟಿಯ ಮೇಲೆ ಮಣ್ಣು ಮೆತ್ತಿ ಗಾರೆ. ಕಲ್ಲು ಗೋಡೆಯನ್ನು ಹತ್ತಿರದಿಂದ ನೋಡಿದರೆ ಅದರಲ್ಲೂ ಅಲ್ಲಲ್ಲಿ ಅಡ್ಡಲಾಗಿ ಮರ ಕೂರಿಸಿರುವುದು ಕಾಣುತ್ತದೆ. ಭೂಕಂಪ ಬಲ್ಲ ನಾಡು ಅದು. ನಾವೀಗ ಬಾಗಿಲು, ಕಿಟಕಿಗಳ ಮೇಲೆ ಗೋಡೆಗಳನ್ನು ಸುತ್ತಿ ಬಿಗಿಯಲು ಕಾಂಕ್ರೀಟಿನಲ್ಲಿ ಹಾಕುವ ಲಿಂಟಲ್ ಬ್ಯಾಂಡಿನ ಕೆಲಸವನ್ನೇ ಅವರು ಮರದಲ್ಲಿ ಮಾಡಿಸುತ್ತಿದ್ದರು.

ಈ ಮನೆಗಳೆಲ್ಲ ಒಟೊಮನ್ ತುರ್ಕರ ಆಳ್ವಿಕೆಯ ಕೊನೆಗಾಲದ್ದು. ಉಣ್ಣೆ, ಬಟ್ಟೆ ವ್ಯಾಪಾರದಲ್ಲಿ ಕೈ ತುಂಬಿದವರು ಮನೆ ಕಟ್ಟಿಸಿದರು. ಚರ್ಚು ಎತ್ತರಕ್ಕೆ ಏರಿಸಲು ಆಳುವವರು ಬಹಳ ಕಾಲ ಬಿಡುತ್ತಿರಲಿಲ್ಲ. ಅರ್ಬನಾಸಿ ಎಂಬ ಹಳ್ಳಿಯ ನೇಟಿವಿಟಿ (ಯೇಸು ಜನನದ) ಚರ್ಚು ಹೊರಗಿನಿಂದ ಥೇಟ್ ಕಣಜ, ಒಳಗೆ ಕಾಲಿಟ್ಟರೆ ಗೋಡೆಯಿಂದ ಮಾಡಿನವರೆಗೆ ಚಿತ್ರವೋ ಚಿತ್ರ. ಅಂದವನ್ನೆಲ್ಲ ಒಳಗೇ ಸುರಿಯುವ ಈ ರೂಢಿ ಮನೆಗಳಲ್ಲೂ ಕಾಣುತ್ತದೆ, ಆದರೆ ಪ್ಲೊವ್ಡಿವ್‌ನಲ್ಲಿ ಹಣ ಬಂದವರು ಹೊರಗಿನ ಗೋಡೆಯನ್ನೂ ಬಿಡಲಿಲ್ಲ. 1847ರ ಕುಯುಮ್‌ಜಿಯೋಗ್ಲು ಮನೆಯ ಮುಂಭಾಗ ನೋಡಿ. ನಡುವೆ ಮೇಲೆದ್ದು ಎರಡೂ ಕಡೆಗೆ ಅಲೆಯಂತೆ ಇಳಿಯುವ ಸೂರು, ಕಡು ಬಣ್ಣದ ಗೋಡೆ ತುಂಬ ಬಳ್ಳಿ ಚಿತ್ತಾರ. ಮಹಡಿಯಲ್ಲಿ ದೊಡ್ಡ ಪಡಸಾಲೆ, ಅದರ ಸುತ್ತ ಕೋಣೆಗಳು, ತಲೆಯ ಮೇಲೆ ಕೆತ್ತಿದ ಮರದ ಚಾವಣಿ. ಕಟ್ಟಿದವನು ಹಾಜಿ ಗೆಯೋರ್ಗಿ. ಯುರೋಪಿನ ಬರೋಕ್, ಅಂದರೆ ಬಾಗು ಬಳುಕಿನ ಅದ್ದೂರಿ ಶೈಲಿಯ ಮಾದರಿ ಎನ್ನುತ್ತಾರೆ, ಸರಿ. ಆದರೆ ಅಲ್ಲಿ ಕಲ್ಲಿನಲ್ಲಿ ಮಾಡಿದ್ದನ್ನು ಇಲ್ಲಿ ಮರ, ಗಾರೆಯಲ್ಲಿ ದಕ್ಕಿಸಿಕೊಂಡಿದ್ದಾರೆ. ನನ್ನ ಮಟ್ಟಿಗೆ ಬಲ್ಗೇರಿಯಾದ ಶೈಲಿ ಅಂದರೆ ಈ ದಕ್ಕಿಸಿಕೊಳ್ಳುವ ಜಾಣತನವೇ.

ಹತ್ತಿರದಲ್ಲೇ ಹಿಂದ್ಲಿಯಾನ್ ಮನೆ. ಸ್ಟೆಪಾನ್ ಹಿಂದ್ಲಿಯಾನ್ ಅರ್ಮೇನಿಯನ್ ವರ್ತಕ, ಭಾರತದವರೆಗೂ ವ್ಯಾಪಾರ ಮಾಡಿದವನು. ಅದಕ್ಕೇ ಆ ಹೆಸರು. ಅವನ ಗೋಡೆಗಳಲ್ಲಿ ವೆನಿಸ್, ಕಾನ್‌ಸ್ಟಾಂಟಿನೋಪಲ್ ಊರುಗಳ ಚಿತ್ರವಿದೆ.

ಇದೇ ಕಾಲದ ಇನ್ನೊಬ್ಬ ಗಟ್ಟಿಗ ಮೇಸ್ತ್ರಿ ಕೊಲ್ಯು ಫಿಚೆಟೊ. ಕಲ್ಲಿನ ಸೇತುವೆಯಿಂದ ಚರ್ಚಿನವರೆಗೆ ಎಲ್ಲದಕ್ಕೂ ಕೈ ಹಾಕಿದವನು. ಯಾಂತ್ರಾ ನದಿಗೆ ಬ್ಯಾಲಾ ಪಟ್ಟಣದ ಹತ್ತಿರ ಅವನು ಕಟ್ಟಿದ ಸೇತುವೆ 1867ರದ್ದು. 1878ರಲ್ಲಿ ಒಟೊಮನ್ ಹಿಡಿತ ಸಡಿಲಿದ ನಂತರ ಹೊಸ ದೇಶದ ಊರುಗಳು ಕಟ್ಟಡದ ಮಾದರಿಗೆ ವಿಯೆನ್ನಾ ಕಡೆ ನೋಡಿದವು, ರೂಸೆ ಪಟ್ಟಣದಲ್ಲಿ ಅದು ಎದ್ದು ಕಾಣುತ್ತದೆ. ಸಮಾಜವಾದಿ ಕಾಲದ ಕಾಂಕ್ರೀಟ್ ಫಲಕದ ಫ್ಲ್ಯಾಟುಗಳ ಬಗ್ಗೆ ನನಗೆ ಹೇಳಲು ಹೆಚ್ಚೇನೂ ಇಲ್ಲ.

ಇಂಥ ಮನೆಯ ದುರಸ್ತಿಗೆ ಇಳಿಯುವವರು ಮೊದಲು ನೋಡಬೇಕಾದ್ದು ಚಿತ್ತಾರವನ್ನಲ್ಲ, ತೊಲೆಯ ತುದಿ ಗೋಡೆಯೊಳಗೆ ಕೂರುವ ಜಾಗವನ್ನು. ಮಾಡು ಸೋರಿ ಅಲ್ಲಿ ನೀರು ನಿಂತರೆ ಕೊಳೆತ ಶುರು. ಮಣ್ಣು, ಸುಣ್ಣದ ಗೋಡೆಗೆ ಸಿಮೆಂಟ್ ಬಳಿದರಂತೂ ತೇವ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ, ಹೊರಗೆಲ್ಲ ಹೊಸದಾಗಿ ಕಾಣುತ್ತಿದ್ದರೂ ಒಳಗಿನ ಮರ ಪುಡಿಯಾಗುತ್ತಿರುತ್ತದೆ. ಸುಣ್ಣದ ಗಾರೆಗೆ ಸುಣ್ಣದ ಗಾರೆಯೇ ಹಾಕಿಸಿ.