ಕಾಣಿಕೆ ಎತ್ತಿ ಕಳಿಸಿದೆವು, ಮುಂದೇನು?

ಓದುಗರ ಪ್ರಶ್ನೆ: ದೂರದ ದೇಶಗಳಿಂದ ಯುದ್ಧ, ಜೀತ, ಒಕ್ಕಲೆಬ್ಬಿಸುವಿಕೆಯ ಸುದ್ದಿ ಬಂದಾಗಲೆಲ್ಲ ನಮ್ಮ ಸಭೆಯಲ್ಲಿ ಪ್ರಾರ್ಥಿಸುತ್ತೇವೆ, ವಿಶೇಷ ಕಾಣಿಕೆ ಎತ್ತಿ ಕಳಿಸುತ್ತೇವೆ. ಇನ್ನೊಂದು ಹೆಜ್ಜೆ ಮುಂದೆ ಹೋಗೋಣ ಎಂದರೆ ‘ಅದು ರಾಜಕೀಯ, ಚರ್ಚಿಗೆ ಬೇಡ’ ಎನ್ನುತ್ತಾರೆ. ಒಂದು ಚರ್ಚ್ ಮಾಡಬಹುದಾದದ್ದು ನಿಜಕ್ಕೂ ಇಷ್ಟೇನಾ?

ಇಷ್ಟೇ ಅಲ್ಲ. ಆದರೆ ಬೇರೇನು ಮಾಡಬಹುದು ಎಂದು ಕೇಳುವ ಮೊದಲು ಚರ್ಚಿನ ಕೈಯಲ್ಲಿ ಏನಿದೆ ಎಂದು ನೋಡಬೇಕು. ಹಣದ ವಿಷಯದಲ್ಲಿ ಅದು ಸರ್ಕಾರಗಳ ಹತ್ತಿರವೂ ಸುಳಿಯಲಾರದು. ಪರಿಣತಿಯಲ್ಲಿ ಪರಿಹಾರ ಸಂಸ್ಥೆಗಳೇ ಮುಂದು. ಚರ್ಚಿಗಿರುವ ಅನುಕೂಲ ಬೇರೆಯದು: ಅನ್ಯಾಯದ ಎರಡೂ ತುದಿಗಳಲ್ಲಿ ಅದರ ಜನ ಇದ್ದಾರೆ. ಗಣಿಗಾಗಿ ಜಮೀನು ಕಳೆದುಕೊಂಡವರೂ ಭಾನುವಾರ ಆರಾಧನೆಗೆ ಬರುತ್ತಾರೆ, ಆ ಗಣಿ ಕಂಪನಿಯ ಷೇರು ಇಟ್ಟುಕೊಂಡವರೂ ಬೇರೊಂದು ದೇಶದಲ್ಲಿ ಅದೇ ಭಾನುವಾರ ಆರಾಧನೆಗೆ ಬರುತ್ತಾರೆ. ಇಂಥ ಹರವು ಇನ್ನಾವ ಸಂಸ್ಥೆಗೂ ಸುಲಭಕ್ಕೆ ಸಿಕ್ಕದು. ಹಾಗಾಗಿ ದೂರದ ಸಭೆಯ ಮುಖ್ಯ ಕೆಲಸ ಅಲ್ಲಿಗೆ ಹೋಗಿ ಉದ್ಧಾರಕರಾಗುವುದಲ್ಲ. ಅಲ್ಲಿನವರು ಏನು ಕೇಳುತ್ತಿದ್ದಾರೋ ಅದನ್ನು ತನ್ನ ತುದಿಯಲ್ಲಿ ನಿಂತು ಮಾಡುವುದು.

ಇದು ಹೇಗೆ ನಡೆಯುತ್ತದೆ ಎಂದು ತೋರಿಸಲು ಬ್ರೆಜಿಲಿನಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅಲ್ಲಿ 1964ರಲ್ಲಿ ಸೇನೆ ಅಧಿಕಾರ ಹಿಡಿಯಿತು. ಮುಂದಿನ ವರ್ಷಗಳಲ್ಲಿ ರಾಜಕೀಯ ಕೈದಿಗಳಿಗೆ ಚಿತ್ರಹಿಂಸೆ ಕೊಟ್ಟಿತು, ಕೊಟ್ಟೇ ಇಲ್ಲ ಎಂದು ಹೇಳುತ್ತಲೂ ಬಂತು. ವಿಚಿತ್ರವೆಂದರೆ ಸಾಕ್ಷ್ಯ ಇದ್ದದ್ದು ಸೇನೆಯ ಕಪಾಟಿನಲ್ಲೇ. ಕೈದಿಗಳು ತಮಗೆ ಯಾರು, ಎಲ್ಲಿ, ಹೇಗೆ ಹಿಂಸೆ ಕೊಟ್ಟರೆಂದು ಮಿಲಿಟರಿ ನ್ಯಾಯಾಲಯಗಳಲ್ಲಿ ಹೇಳಿದ್ದರು. ಗುಮಾಸ್ತರು ಅದನ್ನು ನಡಾವಳಿಯಲ್ಲಿ ಬರೆದುಕೊಂಡಿದ್ದರು. ಆ ಕಡತಗಳೆಲ್ಲ ರಾಜಧಾನಿ ಬ್ರೆಜಿಲಿಯಾದ ಉನ್ನತ ಮಿಲಿಟರಿ ನ್ಯಾಯಾಲಯದಲ್ಲಿ ಧೂಳು ತಿನ್ನುತ್ತಿದ್ದವು. 1979ರಲ್ಲಿ ಕ್ಷಮಾದಾನ ಕಾಯ್ದೆ ಬಂತು. ಕಕ್ಷಿದಾರರ ಪರವಾಗಿ ಅರ್ಜಿ ತಯಾರಿಸುವ ವಕೀಲರಿಗೆ ಕಡತವನ್ನು 24 ಗಂಟೆಗಳ ಮಟ್ಟಿಗೆ ಹೊರಗೆ ಒಯ್ಯುವ ಅವಕಾಶ ಸಿಕ್ಕಿತು. ಅಷ್ಟು ಸಾಕಾಯಿತು. ಕಡತ ತರುವುದು, ಬಾಡಿಗೆಗೆ ತಂದ ಜೆರಾಕ್ಸ್ ಯಂತ್ರಗಳಲ್ಲಿ ಒಂದು ಪುಟವೂ ಬಿಡದೆ ನಕಲು ತೆಗೆಯುವುದು, ಗಡುವು ಮುಗಿಯುವುದರೊಳಗೆ ಏನೂ ಆಗದವರಂತೆ ವಾಪಸ್ ಕೊಡುವುದು. ಹೀಗೆ ವರ್ಷಗಟ್ಟಲೆ ಗುಟ್ಟಾಗಿ ನಡೆದ ಕೆಲಸದಲ್ಲಿ 707 ಮೊಕದ್ದಮೆಗಳ ಸುಮಾರು 10 ಲಕ್ಷ ಪುಟಗಳು ಕೈಸೇರಿದವು.

ಇದರ ಬೆನ್ನಿಗೆ ನಿಂತವರು ಇಬ್ಬರು: ಸಾವೊ ಪೌಲೊದ ಕ್ಯಾಥೊಲಿಕ್ ಕಾರ್ಡಿನಲ್ ಪೌಲೊ ಎವರಿಸ್ಟೊ ಆರ್ನ್ಸ್ ಮತ್ತು ಪ್ರೆಸ್ಬಿಟೇರಿಯನ್ ಪಾದ್ರಿ ಜೈಮೆ ರೈಟ್. ರೈಟ್ ಅವರ ಸಹೋದರ 1973ರಲ್ಲಿ ಸೇನಾಡಳಿತದ ಕೈಗೆ ಸಿಕ್ಕು ಕಾಣೆಯಾದವರು. ಖರ್ಚಿಗೆ ಹಣ ಬಂದದ್ದು ಜಿನೀವಾದಲ್ಲಿರುವ ಜಾಗತಿಕ ಚರ್ಚುಗಳ ಪರಿಷತ್ತಿನಿಂದ. ಮನೆ ಶೋಧನೆಯಾದರೆ ಎಲ್ಲವೂ ಹೋದೀತು ಎಂದು ಪುಟಗಳನ್ನು ಮೈಕ್ರೊಫಿಲ್ಮಿಗೆ ಇಳಿಸಿ ದೇಶದಾಚೆಗೆ ಸಾಗಿಸಿದರು. 1985ರಲ್ಲಿ ಸಾರಾಂಶ ಪುಸ್ತಕವಾಗಿ ಹೊರಬಂದಾಗ ಸೇನೆಗೆ ಅಲ್ಲಗಳೆಯಲು ದಾರಿಯೇ ಇರಲಿಲ್ಲ, ಬರೆದದ್ದು ಅದರ ಗುಮಾಸ್ತರೇ ತಾನೆ! ಹೊರಗೆ ಕಾದಿಟ್ಟಿದ್ದ ದಾಖಲೆಗಳು 2011ರಲ್ಲಿ ಬ್ರೆಜಿಲಿಗೆ ಮರಳಿದವು. ಮರುವರ್ಷ ಅಲ್ಲಿ ರಾಷ್ಟ್ರೀಯ ಸತ್ಯ ಆಯೋಗ ಕೆಲಸ ಶುರುಮಾಡಿತು.

ಈಗ ಜಿನೀವಾದವರು ಮಾಡಿದ್ದೇನು ನೋಡಿ. ಯೋಜನೆ ಅವರದಲ್ಲ, ಜೀವ ಒತ್ತೆಯಿಟ್ಟವರೂ ಅವರಲ್ಲ. ಹಣ ಕೊಟ್ಟರು, ಬಾಯಿ ಮುಚ್ಚಿಕೊಂಡಿದ್ದರು. ಕೊನೆಯದೇ ಕಷ್ಟದ್ದು. ಕೊಟ್ಟ ಪ್ರತಿ ಪೈಸೆಗೂ ಫೋಟೊ ಕೇಳುವ, ‘ನಮ್ಮ ಸಭೆಯ ಸೇವೆ’ ಎಂದು ಬ್ಯಾನರ್ ಹಾಕಿಸುವ ಚರ್ಚುಗಳು ಇಂಥ ಕೆಲಸಕ್ಕೆ ಒಗ್ಗುವುದೇ ಇಲ್ಲ. ದಬ್ಬಾಳಿಕೆಯ ನಡುವೆ ಕೆಲಸ ಮಾಡುವವರಿಗೆ ಆ ಫೋಟೊವೇ ಕುತ್ತಾಗಬಹುದು.

ಇನ್ನು ರಾಜಕೀಯದ ಮಾತು. 1980ರ ಫೆಬ್ರವರಿಯಲ್ಲಿ ಎಲ್ ಸಾಲ್ವಡೋರಿನ ಮಹಾಧರ್ಮಾಧ್ಯಕ್ಷ ಆಸ್ಕರ್ ರೊಮೆರೊ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ ಒಂದು ಪತ್ರ ಬರೆದರು. ಕಾರ್ಟರ್ ಕೂಡ ಕ್ರೈಸ್ತರು, ಆ ವಿಶ್ವಾಸದ ಮೇಲೇ ಬರೆದ ಪತ್ರ ಅದು. ಬಡ ದೇಶದ ಬಿಷಪ್ ಶ್ರೀಮಂತ ದೇಶಕ್ಕೆ ಬರೆದರೆ ನೆರವು ಕಳಿಸಿ ಎಂದು ಕೇಳುವುದು ವಾಡಿಕೆ. ರೊಮೆರೊ ಕೇಳಿದ್ದು ತದ್ವಿರುದ್ಧ: ನಮ್ಮ ಸರ್ಕಾರಕ್ಕೆ ಸೇನಾ ನೆರವು ಕೊಡಬೇಡಿ, ಅದು ನಮ್ಮ ಜನರ ಮೇಲೆಯೇ ತಿರುಗುತ್ತದೆ. ಮಾರ್ಚ್ 24ರಂದು ಬಲಿಪೂಜೆ ನಡೆಸುತ್ತಿದ್ದಾಗಲೇ ಅವರನ್ನು ಗುಂಡಿಟ್ಟು ಕೊಂದರು. ಸೇನಾ ನೆರವು ಮುಂದುವರಿಯಿತು.

ಈ ಪತ್ರವನ್ನು ಅಮೆರಿಕದ ಒಂದು ಸಭೆಯವರಾಗಿ ಓದಿಕೊಳ್ಳಿ. ಅದಕ್ಕೆ ಉತ್ತರ ಕಾಣಿಕೆ ಡಬ್ಬದಲ್ಲಿಲ್ಲ. ಬಂದೂಕು ಹೋಗುತ್ತಿರುವುದು ತಮ್ಮದೇ ತೆರಿಗೆಯ ದುಡ್ಡಿನಲ್ಲಿ, ಆದ್ದರಿಂದ ತಮ್ಮದೇ ಜನಪ್ರತಿನಿಧಿಯ ಬಾಗಿಲು ತಟ್ಟಬೇಕು. ಅದು ರಾಜಕೀಯವೇ? ಹೌದು, ಪಕ್ಷ ರಾಜಕೀಯವಲ್ಲ ಅಷ್ಟೆ. ಚರ್ಚ್ ಯಾವ ಪಕ್ಷದ ಬಾವುಟವನ್ನೂ ಹಿಡಿಯಬಾರದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಸುಮ್ಮನಿರುವುದು ರಾಜಕೀಯವಲ್ಲ ಎಂಬ ಭ್ರಮೆ ಬೇಡ. ದಕ್ಷಿಣ ಆಫ್ರಿಕದ ಡಚ್ ರಿಫಾರ್ಮ್ಡ್ ಚರ್ಚ್ 1857ರಲ್ಲಿ, ಕೆಲವರ ಬಲಹೀನತೆಯ ದೆಸೆಯಿಂದ ಕರಿಯ ವಿಶ್ವಾಸಿಗಳಿಗೆ ಬೇರೆಯೇ ಆರಾಧನೆ ಇಡಬಹುದು ಎಂದು ಒಪ್ಪಿಕೊಂಡಿತು. ಬಿಳಿಯರ ಮುಜುಗರಕ್ಕೆ ಕೊಟ್ಟ ರಿಯಾಯಿತಿ ಅದು. ಕಾಲಕ್ರಮೇಣ ರಿಯಾಯಿತಿ ನಿಯಮವಾಯಿತು, ನಿಯಮಕ್ಕೆ ದೇವಶಾಸ್ತ್ರದ ಸಮರ್ಥನೆ ಹುಟ್ಟಿತು, 1948ರ ನಂತರ ಅದೇ ಸಮರ್ಥನೆ ವರ್ಣಭೇದ ನೀತಿಯ ಊರುಗೋಲಾಯಿತು. 1982ರಲ್ಲಿ ಒಟ್ಟಾವಾದಲ್ಲಿ ಸೇರಿದ ರಿಫಾರ್ಮ್ಡ್ ಚರ್ಚುಗಳ ಜಾಗತಿಕ ಒಕ್ಕೂಟ, ವರ್ಣಭೇದವನ್ನು ಸಮರ್ಥಿಸುವುದು ಪಾಷಂಡ ಬೋಧನೆ ಎಂದು ಸಾರಿ ಆ ಚರ್ಚಿನ ಸದಸ್ಯತ್ವವನ್ನು ಅಮಾನತಿನಲ್ಲಿಟ್ಟಿತು. ಒಂದೇ ಕುಟುಂಬದ ಚರ್ಚುಗಳು ತಮ್ಮವರನ್ನೇ ಹೊರಗೆ ನಿಲ್ಲಿಸಿದ್ದು ಸಣ್ಣ ಸಂಗತಿಯಲ್ಲ. ಸರ್ಕಾರವನ್ನು ಬೈಯುವುದಕ್ಕಿಂತ ಇದಕ್ಕೆ ಹೆಚ್ಚು ಎದೆಗಾರಿಕೆ ಬೇಕು.

ತನ್ನ ಲೆಕ್ಕಪುಸ್ತಕ ತೆರೆಯುವುದಕ್ಕೂ ಅಷ್ಟೇ ಎದೆಗಾರಿಕೆ ಬೇಕು. ಬಾರ್ಬಡೋಸಿನ ಕಾಡ್ರಿಂಗ್ಟನ್ ಕಬ್ಬಿನ ತೋಟಗಳು 1710ರಲ್ಲಿ ಉಯಿಲಿನ ಮೂಲಕ ಇಂಗ್ಲೆಂಡಿನ ಆಂಗ್ಲಿಕನ್ ಮಿಷನ್ ಸಂಸ್ಥೆಯೊಂದರ ಕೈಗೆ ಬಂದವು. ಸುವಾರ್ತೆ ಸಾರಲೆಂದೇ ಹುಟ್ಟಿದ ಸಂಸ್ಥೆ. ತೋಟದ ಗುಲಾಮರ ಎದೆಯ ಮೇಲೆ ಕಾಯಿಸಿದ ಕಬ್ಬಿಣದಿಂದ ‘ಸೊಸೈಟಿ’ ಎಂದು ಬರೆ ಹಾಕುತ್ತಿದ್ದರು. 1833ರಲ್ಲಿ ಬ್ರಿಟಿಷ್ ಸಂಸತ್ತು ಗುಲಾಮಗಿರಿ ರದ್ದುಪಡಿಸಿದಾಗ ಪರಿಹಾರಕ್ಕೆಂದು 2 ಕೋಟಿ ಪೌಂಡ್ ತೆಗೆದಿಟ್ಟಿತು, ಕೊಟ್ಟದ್ದು ಮಾಲೀಕರಿಗೆ. ಈ ತೋಟದ ಪಾಲಿಗೆ 8,823 ಪೌಂಡ್ ಬಂತು. ದುಡಿದವರಿಗೆ ಚಿಕ್ಕಾಸೂ ಇಲ್ಲ. ಇಂಗ್ಲೆಂಡಿನ ಚರ್ಚ್ ಇದಕ್ಕೆ ಕ್ಷಮೆ ಕೇಳಿದ್ದು 2006ರಲ್ಲಿ. ತನ್ನ ಹಳೆಯ ನಿಧಿಯೊಂದು ಗುಲಾಮರ ವ್ಯಾಪಾರದ ಕಂಪನಿಯಲ್ಲಿ ಹಣ ತೊಡಗಿಸಿದ್ದು ಲೆಕ್ಕ ಪರಿಶೋಧನೆಯಿಂದ ಖಚಿತವಾದ ಮೇಲೆ, 2023ರಲ್ಲಿ 10 ಕೋಟಿ ಪೌಂಡಿನ ನಿಧಿಯನ್ನೂ ಘೋಷಿಸಿತು. ತಡವಾಯಿತು ಎನ್ನಬಹುದು, ಸಾಲದು ಎನ್ನಬಹುದು. ಆದರೂ ಲೆಕ್ಕಿಗರನ್ನು ಕೂರಿಸಿ 300 ವರ್ಷ ಹಳೆಯ ಪುಸ್ತಕ ತೆಗೆಸಿದ್ದು ಬರೀ ಕ್ಷಮೆಯ ಪ್ರಸಂಗಕ್ಕಿಂತ ಮೇಲು.

ನಿಮ್ಮ ಸಭೆಗೆ ಇಷ್ಟು ಹಳೆಯ ಪಾಪ ಇರಲಿಕ್ಕಿಲ್ಲ. ಆದರೆ ಪಿಂಚಣಿ ನಿಧಿ, ಕಟ್ಟಡ ನಿಧಿ ಎಂದು ಎಲ್ಲೋ ಹೂಡಿಟ್ಟ ಹಣ ಇದ್ದರೆ ಅದು ಯಾವ ಕಂಪನಿಗಳಲ್ಲಿದೆ ಎಂದು ಕೇಳಿ. ಉತ್ತರ ಇಷ್ಟವಾಗದಿದ್ದರೆ ಕೂಡಲೇ ಷೇರು ಮಾರಿ ಕೈತೊಳೆದುಕೊಳ್ಳುವುದೊಂದೇ ದಾರಿಯಲ್ಲ. 1971ರಲ್ಲಿ ಅಮೆರಿಕದ ಎಪಿಸ್ಕೋಪಲ್ ಚರ್ಚ್ ತನ್ನ ಬಳಿಯಿದ್ದ ಜನರಲ್ ಮೋಟರ್ಸ್ ಷೇರುಗಳನ್ನೇ ಹಿಡಿದು ವಾರ್ಷಿಕ ಸಭೆಗೆ ಹೋಯಿತು, ದಕ್ಷಿಣ ಆಫ್ರಿಕದಿಂದ ಹೊರಬನ್ನಿ ಎಂದು ಗೊತ್ತುವಳಿ ಮಂಡಿಸಿತು. ಕಂಪನಿಯ ಮೊದಲ ಕರಿಯ ನಿರ್ದೇಶಕ, ಬ್ಯಾಪ್ಟಿಸ್ಟ್ ಪಾದ್ರಿ ಲಿಯಾನ್ ಸಲಿವನ್, ಉಳಿದ ನಿರ್ದೇಶಕರ ಮುಖ ನೋಡದೆ ಅದರ ಪರ ಮಾತಾಡಿದರು. ಗೊತ್ತುವಳಿ ಹೀನಾಯವಾಗಿ ಸೋತಿತು. ಕಂಪನಿ ಅಲ್ಲಿಂದ ಕಾಲ್ತೆಗೆದದ್ದು 1986ರಲ್ಲಿ, ಬೇರೆ ಅನೇಕ ಒತ್ತಡಗಳೂ ಸೇರಿದ ಮೇಲೆ. ಆ ನಡುವೆ ಚರ್ಚುಗಳು ವರ್ಷ ವರ್ಷವೂ ಷೇರುದಾರರ ಸಭೆಗಳಲ್ಲಿ ಇಂಥದೇ ಗೊತ್ತುವಳಿ ತರುತ್ತಲೇ ಇದ್ದವು. ಒಂದು ವರ್ಷ ಬರ, ಮರುವರ್ಷ ನಿರಾಶ್ರಿತರು, ಅದರ ಮರುವರ್ಷ ಹವಾಮಾನ ಎಂದು ವಿಷಯ ಬದಲಿಸುತ್ತ ಹೋಗುವ ಸಭೆಗೆ ಇಂಥದ್ದು ಸಾಧ್ಯವಿಲ್ಲ. ಒಂದೇ ವಿಷಯ ಹಿಡಿಯಿರಿ, ಬೇಸರ ಬರುವಷ್ಟು ಕಾಲ ಹಿಡಿಯಿರಿ.

ಚರ್ಚುಗಳು ಹೀಗೆ ಒಂದನ್ನೇ ಹಿಡಿದು ನಿಂತರೆ ಏನಾಗುತ್ತದೆ ಎನ್ನುವುದಕ್ಕೆ ಬಡ ದೇಶಗಳ ಸಾಲಮನ್ನಾ ಚಳವಳಿಯೂ ಸಾಕ್ಷಿ. ಯಾಜಕಕಾಂಡದ 25ನೇ ಅಧ್ಯಾಯದ ಜೂಬಿಲಿ ಸಂವತ್ಸರವನ್ನೇ (ಐವತ್ತು ವರ್ಷಕ್ಕೊಮ್ಮೆ, ಮಾರಿಕೊಂಡ ಜಮೀನನ್ನು ಮರಳಿಸಿ ಜೀತದವರನ್ನು ಬಿಡುವ ವರ್ಷ) ಆಧಾರವಾಗಿಟ್ಟುಕೊಂಡು, 2000ದ ಹೊತ್ತಿಗೆ ತೀರಿಸಲಾಗದ ಸಾಲ ಬಿಡಿ ಎಂದು ಕೇಳಿದರು. 1998ರ ಮೇ 16ರಂದು ಶ್ರೀಮಂತ ರಾಷ್ಟ್ರಗಳ ನಾಯಕರು ಸೇರಿದ್ದ ಬರ್ಮಿಂಗ್‌ಹ್ಯಾಮಿನಲ್ಲಿ ಸುಮಾರು 70,000 ಜನ ಕೈಕೈ ಹಿಡಿದು ಮಾನವ ಸರಪಳಿ ಕಟ್ಟಿದರು. ಮರುವರ್ಷ ಆ ರಾಷ್ಟ್ರಗಳ ನಾಯಕರು ಜರ್ಮನಿಯ ಕಲೋನಿನಲ್ಲಿ ಸೇರಿದಾಗ ದೊಡ್ಡ ಪ್ರಮಾಣದ ಸಾಲಮನ್ನಾಕ್ಕೆ ಒಪ್ಪಿಗೆ ಬಂತು, ಕ್ರಮೇಣ 30ಕ್ಕೂ ಹೆಚ್ಚು ದೇಶಗಳಿಗೆ ಅದರ ಫಲ ಸಿಕ್ಕಿತು. ಟಾಂಜಾನಿಯಾ ಪ್ರಾಥಮಿಕ ಶಾಲೆಯ ಶುಲ್ಕವನ್ನು ತೆಗೆದುಹಾಕಿದ್ದು ಆ ಕಾಲದಲ್ಲೇ. ಒಂದು ಮಗುವಿನ ಶಾಲೆಯ ಖರ್ಚು ಹೊರುವುದು ಒಳ್ಳೆಯ ಕೆಲಸವೇ. ಶುಲ್ಕ ಏಕೆ ಇದೆ ಎಂದು ಕೇಳುವುದು ಬೇರೆಯ ಕೆಲಸ, ಅದಕ್ಕೆ ಕೈಹಾಕುವವರು ಕಡಿಮೆ.

ಒಳ್ಳೆಯ ಮನಸ್ಸಿನಿಂದ ಮಾಡಿದ್ದೆಲ್ಲ ಒಳ್ಳೆಯದಾಗುವುದೂ ಇಲ್ಲ. ದೂರದ ಚರ್ಚುಗಳು ಅನಾಥಾಲಯಗಳಿಗೆ ಹಣ ಸುರಿದಂತೆಲ್ಲ, ಅಪ್ಪನೋ ಅಮ್ಮನೋ ಇರುವ ಬಡ ಮಕ್ಕಳೂ ಅಲ್ಲಿಗೆ ಸೇರುವುದು ಹಲವು ದೇಶಗಳಲ್ಲಿ ಕಂಡುಬಂದಿದೆ. ಅದೇ ಹಣ ಆ ಮನೆಗಳಿಗೆ ಹೋಗಿದ್ದರೆ ಮಗು ಮನೆಯಲ್ಲೇ ಇರುತ್ತಿತ್ತು.

ಇದಕ್ಕೆ ಮದ್ದು ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯದಲ್ಲೇ ಇದೆ, ನಾವು ಅದನ್ನು ಅವಸರದಲ್ಲಿ ಓದಿ ದಾಟಿಬಿಡುತ್ತೇವೆ. ಯೆರೂಸಲೇಮಿನ ಸಭೆಯಲ್ಲಿ ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂದು ಗುಣುಗುಟ್ಟುವಿಕೆ ಶುರುವಾಯಿತು. ಅಪೊಸ್ತಲರು ‘ಇನ್ನು ಮೇಲೆ ಸರಿಯಾಗಿ ಹಂಚುತ್ತೇವೆ’ ಎಂದು ಸಮಾಧಾನ ಹೇಳಬಹುದಿತ್ತು. ಹೇಳಲಿಲ್ಲ. ಏಳು ಜನರನ್ನು ಆರಿಸಿಕೊಳ್ಳಿ ಎಂದು ಸಭೆಗೇ ಹೇಳಿ, ಹಂಚುವ ಕೆಲಸವನ್ನೇ ಅವರ ಕೈಗೆ ಬಿಟ್ಟರು. ಹೆಸರುಗಳನ್ನು ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ದೂರು ಕೊಟ್ಟ ಕಡೆಯವರ ಕೈಗೇ ಉಗ್ರಾಣದ ಬೀಗದ ಕೈ ಹೋಯಿತು ಎಂದು ಊಹಿಸಲು ಅಷ್ಟು ಸಾಕು. ನಮ್ಮ ಮಿಷನ್ ಸಮಿತಿಗಳಲ್ಲಿ ಹಣ ಪಡೆಯುವ ಕಡೆಯವರು ಎಷ್ಟು ಜನ ಇದ್ದಾರೆ? ಇದ್ದರೂ ಅವರಿಗೆ ಮತ ಇದೆಯೇ, ಬರೀ ಸಾಕ್ಷಿ ಹೇಳುವ ಅವಕಾಶವೇ?

ಪ್ರಾರ್ಥನೆಯನ್ನು ನೀವು ಮೊದಲೇ ಹೇಳಿದ್ದೀರಿ, ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ‘ನೊಂದವರೆಲ್ಲರಿಗಾಗಿ’ ಎಂಬ ಒಂದು ಸಾಲನ್ನು ಮಾತ್ರ ಬಿಡಿ. ರೊಮೆರೊ ಭಾನುವಾರದ ಪ್ರಸಂಗದಲ್ಲಿ ಆ ವಾರ ಕೊಲೆಯಾದವರ, ಕಾಣೆಯಾದವರ ಹೆಸರು ಓದುತ್ತಿದ್ದರು. ರೇಡಿಯೊದಲ್ಲಿ ಇಡೀ ದೇಶ ಕೇಳುತ್ತಿತ್ತು, ಪತ್ರಿಕೆಗಳಲ್ಲಿ ಬಾರದ ಸುದ್ದಿ ಅಲ್ಲಿ ಸಿಗುತ್ತಿತ್ತು. ಆ ನಿಲಯಕ್ಕೆ ಬಾಂಬ್ ಇಟ್ಟದ್ದು ಸುಮ್ಮನೆ ಅಲ್ಲ. ಹೆಸರು ಹೇಳಿ ಪ್ರಾರ್ಥಿಸಬೇಕಾದರೆ ಹೆಸರು ಗೊತ್ತಿರಬೇಕು, ಗೊತ್ತಾಗಬೇಕಾದರೆ ಅಲ್ಲಿನ ಸಭೆಯೊಂದಿಗೆ ಪತ್ರವ್ಯವಹಾರ ಇರಬೇಕು. ಹೆಸರು ಹೊರಬಂದರೆ ಅವರಿಗೇ ಅಪಾಯ ಎಂದು ಅಲ್ಲಿನವರು ಹೇಳಿದರೆ ಹೇಳಬಾರದು.

ಕಾಣಿಕೆಯನ್ನೂ ಬಿಡುವುದು ಬೇಡ. ಪೌಲ ಯೆರೂಸಲೇಮಿನ ಬಡವರಿಗೆ ಹಣ ಕೂಡಿಸಿದಾಗ ಅದಕ್ಕೆ ದಾನ ಎಂಬ ಬಣ್ಣ ಕಟ್ಟದೆ, ಇದು ಸಮಾನತೆಗಾಗಿ ಎಂದು ಕೊರಿಂಥದವರಿಗೆ ಎರಡನೆಯ ಪತ್ರಿಕೆಯ ಎಂಟನೇ ಅಧ್ಯಾಯದಲ್ಲಿ ಬರೆದ. ಯಾರೂ ಬೆರಳು ತೋರಿಸಬಾರದೆಂದು ಸಭೆಗಳೇ ನೇಮಿಸಿದ ಸಹೋದರನನ್ನು ಹಣದ ಜೊತೆಗೆ ಇರಿಸಿಕೊಂಡ. ನಿಮ್ಮ ಸಭೆಯೂ ಮುಂದಿನ ಸಲ ಹಣ ಕಳಿಸುವಾಗ ಲೆಕ್ಕದ ಪ್ರತಿಯನ್ನು ಪಡೆಯುವವರಿಗೂ ಕಳಿಸಲಿ, ಜೊತೆಗೆ ಒಂದು ಪತ್ರ ಇಡಲಿ: ನಿಮಗಾಗುತ್ತಿರುವ ಅನ್ಯಾಯದಲ್ಲಿ ನಮ್ಮ ಸರ್ಕಾರದ, ನಮ್ಮ ಕಂಪನಿಗಳ, ನಮ್ಮ ಚರ್ಚಿನ ಪಾತ್ರ ಏನಾದರೂ ಇದೆಯೇ? ಉತ್ತರ ಬರಲು ತಡವಾಗಬಹುದು. ದಾನಿಗಳಿಗೆ ನಿಜ ಹೇಳಿ ಅವರಿಗೆ ರೂಢಿಯಿಲ್ಲ, ಮೊದಲ ಪತ್ರಕ್ಕೆ ಬರೀ ಧನ್ಯವಾದ ಬಂದೀತು. ಮತ್ತೊಮ್ಮೆ ಬರೆಯಿರಿ.