ಬೆಂಕಿ ಕಾಯುವ ಗೋಪುರ ಮತ್ತು ಬುಡದಲ್ಲಿ ಬೆಳೆದ ಲಂಟಾನ

ಬೇಸಿಗೆ ಬಂತೆಂದರೆ ಬಂಡೀಪುರದ ಸುದ್ದಿ ಎರಡೇ: ಬೆಂಕಿ ಎಲ್ಲಿ ಬಿತ್ತು, ಹಚ್ಚಿದವರು ಯಾರು. ವಾಚ್‌ಟವರ್ ಸಾಲದು, ಡ್ರೋನ್ ಬೇಕು ಎಂಬ ಬೇಡಿಕೆಯೂ ಬೆನ್ನಿಗೇ ಬರುತ್ತದೆ.

ಬ್ರಿಟಿಷರ ಕಾಲದಲ್ಲಿ ಕಾಡೆಂದರೆ ನಾಟಾ, ಬೆಂಕಿಯೆಂದರೆ ನಷ್ಟ. ಕಾಡಿಗೆ ಬೆಂಕಿಯಿಡುವುದು 1927ರ ಅರಣ್ಯ ಕಾಯ್ದೆಯಲ್ಲೂ 1963ರ ಕರ್ನಾಟಕದ ಕಾಯ್ದೆಯಲ್ಲೂ ಅಪರಾಧವೇ. 1973ರಲ್ಲಿ ಹುಲಿ ಯೋಜನೆ ಬಂತು. ಕಾಯಬೇಕಾದದ್ದು ಬದಲಾಯಿತು, ಕಾಯುವ ಕ್ರಮ ಬದಲಾಗಲಿಲ್ಲ.

ಗೋಪುರದ ಮೇಲಿನ ವಾಚರ್‌ಗೆ ಹೊಗೆಯ ದಿಕ್ಕು ಗೊತ್ತಾಗುತ್ತದೆ, ದೂರ ಸರಿಯಾಗಿ ಗೊತ್ತಾಗುವುದಿಲ್ಲ. ಇನ್ನೊಂದು ಗೋಪುರದವನೂ ದಿಕ್ಕು ಹೇಳಿದರೆ ಎರಡು ಗೆರೆ ಕೂಡುವಲ್ಲಿ ಬೆಂಕಿ. 2004ರಿಂದ ಭಾರತೀಯ ಅರಣ್ಯ ಸಮೀಕ್ಷೆ ಉಪಗ್ರಹದ ಎಚ್ಚರಿಕೆಯನ್ನೂ ಕಳಿಸುತ್ತಿದೆ. ಆದರೆ ಉಪಗ್ರಹ ದಿನಕ್ಕೆ ಹಾದುಹೋಗುವುದು ಕೆಲವೇ ಸಲ. ಕಿಡಿ ತಗುಲಿದ ಒಣ ಆನೆಲದ್ದಿ ಒಳಗೊಳಗೇ ಗಂಟೆಗಟ್ಟಲೆ ಕನಲುತ್ತಿದ್ದರೆ ಅದಕ್ಕೆ ಕಾಣುವುದಿಲ್ಲ. ನಿಜ ಹೇಳಬೇಕೆಂದರೆ ಗೋಪುರದವನಿಗೂ ಕಾಣುವುದಿಲ್ಲ.

ಪಕ್ಕದ ಬಿಳಿಗಿರಿರಂಗನ ಬೆಟ್ಟದಲ್ಲಿ ಬೆಂಕಿಗೆ ಬೇರೆಯದೇ ಲೆಕ್ಕವಿತ್ತು. ಅಲ್ಲಿನ ಬುಡಕಟ್ಟಿನವರಾದ ಸೋಲಿಗರು ಬೇಸಿಗೆ ಬಲಿಯುವ ಮೊದಲೇ, ಹುಲ್ಲಿನಲ್ಲಿ ಇನ್ನೂ ಹಸಿ ಇರುವಾಗ, ತರಗು ಬೆಂಕಿ ಹಾಕುತ್ತಿದ್ದರು. ಮೊಣಕಾಲೆತ್ತರದ ಉರಿ ತರಗೆಲೆ ಸುಟ್ಟು, ಹೊರಗಿನಿಂದ ಬಂದು ಪೊದೆಯಾಗಿ ಹಬ್ಬುವ ಕಳೆ ಲಂಟಾನವನ್ನು ಎಳೆಯದಿರುವಾಗಲೇ ಸುಟ್ಟು ಆರುತ್ತಿತ್ತು. ನೆಲ್ಲಿಮರದ ಮೇಲೆ ಬೆಳೆದು ಅದರ ಸಾರ ಹೀರುವ ಉಪ್ಪಿಲು ಎಂಬ ಗಿಡವೂ ಅದರಿಂದ ಹತೋಟಿಯಲ್ಲಿರುತ್ತಿತ್ತು ಎನ್ನುತ್ತಾರೆ ಅವರು. 1974ರಲ್ಲಿ ಅಭಯಾರಣ್ಯವಾದ ಮೇಲೆ ಇದು ನಿಂತಿತು. 1997ರಿಂದ 2008ರ ನಡುವೆ ಅಲ್ಲಿ ಲಂಟಾನದ ಹರವು ಸುಮಾರು ದುಪ್ಪಟ್ಟಾಯಿತೆಂದು ಅಧ್ಯಯನ ಹೇಳುತ್ತದೆ. ಬೆಂಕಿ ನಿಂತದ್ದೊಂದೇ ಕಾರಣವೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಸೋಲಿಗರಿಗೆ ಅನುಮಾನವೇ ಇಲ್ಲ. 2011ರಲ್ಲಿ ಅವರಿಗೆ ಕಾಡುತ್ಪನ್ನದ ಸಮುದಾಯ ಹಕ್ಕು ಸಿಕ್ಕಿತು. ತರಗು ಬೆಂಕಿ ಮಾತ್ರ ಮರಳಲಿಲ್ಲ.

2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿಕೊಂಡಾಗ ಗೋಪಾಲಸ್ವಾಮಿ ಬೆಟ್ಟದ ಸುತ್ತ ಒಣಗಿ ನಿಂತಿದ್ದ ಲಂಟಾನ ಉರಿಯನ್ನು ಮೇಲಕ್ಕೆ ಹತ್ತಿಸಿತು. ಹಸಿಸೊಪ್ಪು ಹಿಡಿದು ಬಡಿಯುವವರಿಗೆ ಹತ್ತಿರ ಹೋಗಲೂ ಆಗಲಿಲ್ಲ. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿದವು. ಸುಟ್ಟದ್ದು ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಎಂಬುದು ಉಪಗ್ರಹದ ಅಂದಾಜು. ಅದನ್ನು ಗೋಪುರದ ಸೋಲು ಎನ್ನುವುದು ಅನ್ಯಾಯ. ಹೊಗೆ ಕಂಡಿತ್ತು, ಉರಿಯುವ ಸರಕು ಮಾತ್ರ ದಶಕಗಳಿಂದ ಬೆಳೆದು ನಿಂತಿತ್ತು.

ಹಾಗೆಂದು ಈಗ ತರಗು ಬೆಂಕಿಗೆ ಬಿಟ್ಟರೆ ಸರಿಹೋದೀತೇ? ಬಲಿತ ಲಂಟಾನ ಸುಟ್ಟರೂ ಮಳೆ ಬಿದ್ದೊಡನೆ ಬುಡದಿಂದ ಚಿಗುರುತ್ತದೆ. ಮೊದಲು ಬೇರುಸಮೇತ ಕೀಳಬೇಕು, ಮುಂದಿನ ವರ್ಷ ಹುಟ್ಟಿದ ಸಸಿಯನ್ನೂ ಕೀಳಬೇಕು.