ಕೌಂಟಿಯಲ್ಲಿ ಅರೆಸ್ಟ್ ದಾಖಲೆ ಹುಡುಕುವುದು ಹೇಗೆ: ಸ್ಯಾಂಟಾ ಕ್ಲಾರಾ ಇಟ್ಟುಕೊಂಡು ಕಲಿತದ್ದು

ಒಬ್ಬರು ನಿನ್ನೆ ರಾತ್ರಿ ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ಲಾರಾ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ) ಊರಾದ ಸನ್ನಿವೇಲ್‌ನಲ್ಲಿ ಅರೆಸ್ಟ್ ಆದರು ಅಂತ ಇಟ್ಟುಕೊಳ್ಳೋಣ. ಮನೆಯವರಿಗೆ ಸುದ್ದಿ ಅರ್ಧಂಬರ್ಧ ಗೊತ್ತಾಗಿದೆ. ಫೋನ್ ಸ್ವಿಚ್ ಆಫ್. ಎಲ್ಲಿದ್ದಾರೆ? ಯಾಕೆ ಹಿಡಿದರು? ಬೇಲ್ ಎಷ್ಟು? ಕೋರ್ಟಿಗೆ ಯಾವಾಗ ಕರೆದುಕೊಂಡು ಹೋಗುತ್ತಾರೆ? ಪ್ಯಾರಾಲೀಗಲ್ (ವಕೀಲರ ಸಹಾಯಕರ) ಕ್ಲಾಸಿನಲ್ಲಿ ನಮಗೆ ಕೊಟ್ಟ ಮೊದಲ ಅಭ್ಯಾಸ ಇದೇ ಥರದ್ದು. ನಾನು ಮೊದಲು ಮಾಡಿದ್ದು ಹೆಸರನ್ನು ಗೂಗಲ್‌ಗೆ ಹಾಕಿದ್ದು. ದುಡ್ಡು ಕೇಳುವ ಖಾಸಗಿ ಸೈಟುಗಳು ಸಾಲಾಗಿ ಬಂದವು. ಬೇಕಾದ ಉತ್ತರ ಒಂದೂ ಬರಲಿಲ್ಲ. ಆಮೇಲೆ ಗೊತ್ತಾದದ್ದನ್ನು ನಿಮಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ಅಮೆರಿಕದಲ್ಲಿ 3 ಸಾವಿರಕ್ಕೂ ಜಾಸ್ತಿ ಕೌಂಟಿಗಳಿವೆ. ಲೂಸಿಯಾನದಲ್ಲಿ ಅದಕ್ಕೆ ಪ್ಯಾರಿಶ್ ಎನ್ನುತ್ತಾರೆ, ಅಲಾಸ್ಕಾದಲ್ಲಿ ಬರೋ. ಕನೆಕ್ಟಿಕಟ್ 1960ರಲ್ಲೇ ಕೌಂಟಿ ಸರ್ಕಾರ ತೆಗೆದುಹಾಕಿತು. ಯಾವ ದಾಖಲೆ ಜನರಿಗೆ ತೆರೆದಿರುತ್ತದೆ ಅನ್ನುವುದನ್ನು ಹೆಚ್ಚಾಗಿ ರಾಜ್ಯದ ಕಾನೂನು ಹೇಳುತ್ತದೆ. ಹಾಗಾಗಿ ಫ್ಲಾರಿಡಾದಲ್ಲಿ ಕಲಿತದ್ದು ಕ್ಯಾಲಿಫೋರ್ನಿಯಾದಲ್ಲಿ ನಡೆಯದು. ಕ್ಯಾಲಿಫೋರ್ನಿಯಾದ 58 ಕೌಂಟಿಗಳಲ್ಲಿ ನಮ್ಮವರು ತುಂಬಾ ಇರುವ ಸ್ಯಾಂಟಾ ಕ್ಲಾರಾವನ್ನೇ ಇಲ್ಲಿ ಹಿಡಿದುಕೊಂಡಿದ್ದೇನೆ.

ಕಾಗದ ಮೂರು, ಮನೆಯೂ ಮೂರು

ಊರಿನಿಂದ ಬಂದ ನಾವು ಎಫ್‌ಐಆರ್ ಅನ್ನೋ ಒಂದೇ ಕಾಗದವನ್ನು ಮನಸ್ಸಿನಲ್ಲಿಟ್ಟುಕೊಂಡು ಹುಡುಕುತ್ತೇವೆ. ಕರ್ನಾಟಕದಲ್ಲಿ ಅದು ಸರಿ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳು 24 ಗಂಟೆಯೊಳಗೆ ಪೊಲೀಸರ ವೆಬ್‌ಸೈಟಿಗೆ ಬರಬೇಕು. ಕ್ಯಾಲಿಫೋರ್ನಿಯಾದಲ್ಲಿ ಅಂಥ ಕಾಗದ ಇಲ್ಲ. "ಅರೆಸ್ಟ್ ರೆಕಾರ್ಡ್" ಅಂತ ಜನ ಕರೆಯುವುದು ಬೇರೆ ಬೇರೆ ಕಚೇರಿಗಳಲ್ಲಿ ಬಿದ್ದಿರುವ ಮೂರು ತುಂಡು.

ಒಂದು, ಹಿಡಿದ ಪೊಲೀಸರ ಹತ್ತಿರ ಇರುವ ಅರೆಸ್ಟ್ ವಿವರ. ಇನ್ನೊಂದು, ಜೈಲಿಗೆ ಸೇರಿಸಿಕೊಳ್ಳುವಾಗ ಮಾಡುವ ಬುಕಿಂಗ್ ದಾಖಲೆ. ಮೂರನೆಯದು ಕೋರ್ಟಿನ ಕೇಸ್ ಕಡತ. ಈ ಮೂರೂ ಒಂದೇ ಹೊತ್ತಿಗೆ ಹುಟ್ಟುವುದಿಲ್ಲ, ಒಂದೇ ನಿಯಮಕ್ಕೂ ಒಳಪಡುವುದಿಲ್ಲ. ಮೂರನೆಯದು ಹುಟ್ಟದೇ ಹೋಗುವುದೂ ಉಂಟು. ಇದೊಂದು ತಲೆಗೆ ಹೋದರೆ ಉಳಿದದ್ದು ಸುಲಭ.

ಹಿಡಿದವರು ಯಾರು ಅಂತ ಮೊದಲು ತಿಳಿಯಬೇಕು. ಸ್ಯಾನ್ ಹೋಸೆಗೆ ತನ್ನದೇ ಪೊಲೀಸ್ ಇಲಾಖೆ ಇದೆ. ಸನ್ನಿವೇಲ್‌ನಲ್ಲಿ ಪೊಲೀಸ್ ಮತ್ತು ಅಗ್ನಿಶಾಮಕ ಎರಡೂ ಸೇರಿ "ಪಬ್ಲಿಕ್ ಸೇಫ್ಟಿ" ಎಂಬ ಒಂದೇ ಇಲಾಖೆ. ಕ್ಯೂಪರ್ಟಿನೊ, ಸ್ಯಾರಟೋಗಾ, ಲಾಸ್ ಆಲ್ಟೋಸ್ ಹಿಲ್ಸ್ ಊರುಗಳಿಗೆ ಸ್ವಂತ ಪೊಲೀಸ್ ಇಲ್ಲ. ಕರಾರಿನ ಮೇಲೆ ಕೌಂಟಿಯ ಪೊಲೀಸ್ ಮುಖ್ಯಸ್ಥರಾದ ಶೆರಿಫ್ ಅವರ ಕಚೇರಿಯೇ ನೋಡಿಕೊಳ್ಳುತ್ತದೆ. ಫ್ರೀವೇ ಮೇಲೆ ಕುಡಿದು ಗಾಡಿ ಓಡಿಸಿ ಸಿಕ್ಕರೆ ಹಿಡಿಯುವವರು ಸಾಮಾನ್ಯವಾಗಿ ಹೈವೇ ಪಟ್ರೋಲ್, ಅಂದರೆ ರಾಜ್ಯದವರು. ಒಂದೇ ರಸ್ತೆಯಲ್ಲಿ ಹತ್ತು ನಿಮಿಷ ಹೋದರೆ ಮೂರು ಇಲಾಖೆಗಳ ಗಡಿ ದಾಟಿರುತ್ತೀರಿ. ಎಲ್ಲಿ ಹಿಡಿದರು ಅನ್ನುವುದು ಗೊತ್ತಿಲ್ಲದೆ ಫೋನ್ ಮಾಡಿದರೆ ಸುಮ್ನೆ ಅಲೆದಾಟ.

ಜೈಲಿನ ಪಟ್ಟಿ

ಇವರಲ್ಲಿ ಯಾರೇ ಹಿಡಿದರೂ, ಒಳಗೆ ಹಾಕುವುದಾದರೆ ಕೌಂಟಿ ಜೈಲಿಗೇ ತರುತ್ತಾರೆ. ಜೈಲು ನಡೆಸುವವರು ಶೆರಿಫ್. ಈ ಹುದ್ದೆಗೆ ಜನರೇ ವೋಟು ಹಾಕಿ ಆರಿಸುತ್ತಾರೆ. ಮೇನ್ ಜೈಲು ಸ್ಯಾನ್ ಹೋಸೆಯ ಹೆಡಿಂಗ್ ಸ್ಟ್ರೀಟ್‌ನಲ್ಲಿದೆ. ಎಲ್ಮ್‌ವುಡ್ ಎಂಬ ಇನ್ನೊಂದು ಮಿಲ್ಪಿಟಾಸ್‌ನಲ್ಲಿದೆ. ಹೆಂಗಸರನ್ನು ಇಡುವುದು ಅಲ್ಲಿ.

ತುರ್ತಿದ್ದಾಗ ಶುರು ಮಾಡಬೇಕಾದ ಜಾಗ ಇದೇ. ಶೆರಿಫ್ ಕಚೇರಿಯ ಸೈಟಿನಲ್ಲಿ ಕೈದಿಗಳನ್ನು ಹುಡುಕುವ ಪುಟ ಇದೆ, ದುಡ್ಡೇನೂ ಕೊಡಬೇಕಿಲ್ಲ. ಇಂಥ ಪುಟಗಳು ಸಾಮಾನ್ಯವಾಗಿ ತೋರಿಸುವುದು ಈಗ ಒಳಗಿರುವವರನ್ನು ಮಾತ್ರ. ಬೇಲ್ ಮೇಲೆ ಬೆಳಗ್ಗೆ ಹೊರಗೆ ಬಂದವರ ಹೆಸರು ಸಂಜೆ ಸಿಗುವುದಿಲ್ಲ. ಹಾಗೆಯೇ ಹಿಡಿದ ಕೂಡಲೇ ಹುಡುಕಿದರೂ ಸಿಗುವುದಿಲ್ಲ. ಬೆರಳಚ್ಚು, ಫೋಟೋ, ಆರೋಗ್ಯ ತಪಾಸಣೆ, ಸಾಮಾನಿನ ಪಟ್ಟಿ ಎಲ್ಲ ಮುಗಿದು ಬುಕಿಂಗ್ ಆಗಲು ಗಂಟೆಗಳೇ ಹಿಡಿಯುತ್ತವೆ. ಒಂದು ಸಲ ಹುಡುಕಿ "ಇಲ್ಲ" ಅಂತ ತೀರ್ಮಾನಿಸಬೇಡಿ. ಎರಡು ಗಂಟೆ ಬಿಟ್ಟು ಮತ್ತೆ ನೋಡಿ.

ಸಣ್ಣ ಅಪರಾಧಗಳಲ್ಲಿ ಜೈಲಿಗೆ ಕರೆದೊಯ್ಯದೇ, ಕೋರ್ಟಿಗೆ ಬರಲು ಚೀಟಿ ಕೊಟ್ಟು ಅಲ್ಲೇ ಬಿಡುತ್ತಾರೆ. ಅಂಥವರ ಹೆಸರು ಜೈಲಿನ ಪಟ್ಟಿಗೆ ಬರುವುದೇ ಇಲ್ಲ. ಎಫ್‌ಬಿಐ ಅಥವಾ ಬೇರೆ ಫೆಡರಲ್ ಏಜೆನ್ಸಿ ಹಿಡಿದಿದ್ದರೆ ದಾರಿಯೇ ಬೇರೆ. ಆ ಕೇಸು ಫೆಡರಲ್ ಕೋರ್ಟಿನದು, ಕಡತ ಪೇಸರ್ ಎಂಬ ವ್ಯವಸ್ಥೆಯಲ್ಲಿರುತ್ತದೆ. ಅಲ್ಲಿ ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಜಾಸ್ತಿ ಅಂದರೆ 3 ಡಾಲರ್. ಮೂರು ತಿಂಗಳ ಲೆಕ್ಕ 30 ಡಾಲರ್ ದಾಟದಿದ್ದರೆ ಮಾಫಿ. ವಲಸೆ ಕಾನೂನು ಜಾರಿ ಮಾಡುವ ಐಸ್ (ICE) ಎಂಬ ಫೆಡರಲ್ ಇಲಾಖೆ ಹಿಡಿದಿಟ್ಟವರಿಗೆ ಅದರದೇ ಬೇರೆ ಹುಡುಕುವ ಪುಟ ಇದೆ. ಕೌಂಟಿ ಪಟ್ಟಿಯಲ್ಲಿ ಇಲ್ಲ ಅಂದರೆ ಇವನ್ನೂ ನೋಡಬೇಕು.

ನಮ್ಮ ಹೆಸರುಗಳ ತೊಂದರೆ

ಇದನ್ನು ಯಾವ ಪಾಠದಲ್ಲೂ ಹೇಳಿಕೊಡುವುದಿಲ್ಲ. ಕನ್ನಡದವರು ಹುಡುಕುವಾಗ ಜಾಸ್ತಿ ಎಡವುವುದು ಮಾತ್ರ ಇಲ್ಲೇ.

ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರು ಅಂತ ಇರುವುದಿಲ್ಲ. ಊರಿನ ಅಕ್ಷರ, ಅಪ್ಪನ ಅಕ್ಷರ, ಆಮೇಲೆ ಹೆಸರು. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಬೇಕಾಗುತ್ತದೆ. ಆಗ ಒಬ್ಬರಿಗೆ ಊರಿನ ಹೆಸರು ಸರ್‌ನೇಮ್ ಆಗುತ್ತದೆ, ಅವರ ತಮ್ಮನಿಗೆ ಅಪ್ಪನ ಹೆಸರು. ಸರ್‌ನೇಮ್ ಜಾಗ ಖಾಲಿ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ ಇದ್ದ ಹೆಸರೇ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಎಂದು ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂಬುದರ ಗುರುತು ಅದು. ಬುಕಿಂಗ್ ಮಾಡುವವರು ಕೈಗೆ ಸಿಕ್ಕ ಗುರುತಿನ ಚೀಟಿ ನೋಡಿ ಹಾಗೇ ತುಂಬುತ್ತಾರೆ. ಹಾಗಾಗಿ ಮನೆಯಲ್ಲಿ ಕರೆಯುವ ಹೆಸರಿನಿಂದ ಹುಡುಕಬಾರದು. ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಹೇಗಿದೆಯೋ ಹಾಗೆ ಹುಡುಕಿ. ಸಿಗದಿದ್ದರೆ ಹಿಂದುಮುಂದು ಮಾಡಿ ನೋಡಿ. ಅದೂ ಆಗದಿದ್ದರೆ ಎಫ್‌ಎನ್‌ಯು ಹಾಕಿ ನೋಡಿ.

ಕಾಗುಣಿತದ ಕಷ್ಟವೂ ಇದೆ. ಶ್ರೀನಿವಾಸ ಎಂಬ ಹೆಸರು ಇಂಗ್ಲಿಷಿನಲ್ಲಿ ಎಸ್‌ಆರ್ ಎಂದೂ ಶುರುವಾಗುತ್ತದೆ, ಎಸ್‌ಎಚ್‌ಆರ್ ಎಂದೂ ಶುರುವಾಗುತ್ತದೆ. ಕೊನೆಯ 'ಎ' ಕೆಲವರು ಬರೆಯುತ್ತಾರೆ, ಕೆಲವರು ಬಿಡುತ್ತಾರೆ. ಲಕ್ಷ್ಮಿಯಲ್ಲಿ ಎಕ್ಸ್ ಹಾಕುವವರಿದ್ದಾರೆ, ಕೆಎಸ್‌ಎಚ್ ಹಾಕುವವರಿದ್ದಾರೆ.

ಇದರ ಇನ್ನೊಂದು ಮುಖ ನನಗೆ ನಿಜಕ್ಕೂ ಹೆದರಿಕೆ ಹುಟ್ಟಿಸುತ್ತದೆ. ಅದೇ ಹೆಸರಿನ ಬೇರೊಬ್ಬರು ಸಿಗುವುದು. ಅಭ್ಯಾಸ ಮಾಡುವಾಗ ನನಗೇ ಹಾಗಾಯಿತು. ಹೆಸರು ಒಂದೇ, ವಯಸ್ಸಿನಲ್ಲಿ ಇಪ್ಪತ್ತು ವರ್ಷದ ಅಂತರ. ಹುಟ್ಟಿದ ದಿನ ತಾಳೆ ನೋಡದಿದ್ದರೆ ಪಾಪ ಯಾರದೋ ಕೇಸನ್ನು ಇನ್ಯಾರದೋ ತಲೆಗೆ ಕಟ್ಟಿಬಿಡುತ್ತಿದ್ದೆ. ಹೆಸರು ಹೊಂದಿತು ಅಂದ ಮಾತ್ರಕ್ಕೆ ಯಾರಿಗೂ ಏನನ್ನೂ ಹೇಳಬೇಡಿ, ವಾಟ್ಸ್ಆ್ಯಪ್ ಗುಂಪಿಗಂತೂ ಬೇಡವೇ ಬೇಡ.

ಬರೆದು ಕೇಳುವುದು

ಒಳಗಿದ್ದವರು ಹೊರಗೆ ಬಂದಾಗಿದೆ, ಪಟ್ಟಿಯಲ್ಲಿ ಇಲ್ಲ. ಆಗ ಹಿಡಿದ ಇಲಾಖೆಗೆ ಬರೆದು ಕೇಳಬೇಕು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ 1968ರಿಂದ ಕಾನೂನು ಇದೆ: ಪಬ್ಲಿಕ್ ರೆಕಾರ್ಡ್ಸ್ ಆ್ಯಕ್ಟ್. ನಮ್ಮ ಆರ್‌ಟಿಐನ ಅಣ್ಣ ಎನ್ನಬಹುದು. 2023ರ ಜನವರಿ 1ರಿಂದ ಇದರ ಸೆಕ್ಷನ್ ಸಂಖ್ಯೆಗಳೆಲ್ಲ ಬದಲಾಗಿವೆ. ಹಳೆಯ ನೋಟ್ಸ್‌ನಲ್ಲಿ 6254 (ಎಫ್) ಅಂತಿದ್ದರೆ ಅರೆಸ್ಟ್ ವಿವರದ ಮಟ್ಟಿಗೆ ಈಗ ಅದು 7923.610. ಪರೀಕ್ಷೆಗೆ ಓದುವವರು ಇದನ್ನು ಗುರುತು ಹಾಕಿಕೊಳ್ಳಿ.

ಅರೆಸ್ಟ್ ಆದವರ ಪೂರ್ತಿ ಹೆಸರು, ಉದ್ಯೋಗ, ಹುಟ್ಟಿದ ದಿನ, ಎತ್ತರ, ತೂಕ, ಕಣ್ಣು ಮತ್ತು ಕೂದಲಿನ ಬಣ್ಣ, ಹಿಡಿದ ದಿನ, ಹೊತ್ತು, ಜಾಗ, ಬುಕಿಂಗ್ ಸಮಯ, ಯಾವ ಸಂದರ್ಭದಲ್ಲಿ ಹಿಡಿದರು, ಬೇಲ್ ಮೊತ್ತ, ಎಲ್ಲಿ ಇಟ್ಟಿದ್ದಾರೆ ಅಥವಾ ಹೇಗೆ ಬಿಟ್ಟರು, ಹೊರಿಸಿದ ಆರೋಪಗಳು. ಇಷ್ಟನ್ನು ಇಲಾಖೆ ಕೊಡಬೇಕು ಎನ್ನುತ್ತದೆ ಆ ಸೆಕ್ಷನ್. ತನಿಖೆಗೆ ಅಥವಾ ಯಾರದಾದರೂ ಜೀವಕ್ಕೆ ಅಪಾಯ ಆಗುವಂತಿದ್ದರೆ ತಡೆಹಿಡಿಯಬಹುದು. ಗಮನಿಸಿ, ಸಿಗುವುದು ವಿವರ. ಪೊಲೀಸ್ ರಿಪೋರ್ಟಿನ ಪೂರ್ತಿ ಪ್ರತಿ ಸಿಗುತ್ತದೆ ಎಂದಲ್ಲ. ತನಿಖೆಯ ಕಡತ ಮುಚ್ಚಿಡಲು ಇಲಾಖೆಗೆ ಅವಕಾಶ ಇದೆ.

ಮನೆ ವಿಳಾಸದ ನಿಯಮ ಇನ್ನೂ ಬಿಗಿ. ಪತ್ರಿಕೆ, ಅಧ್ಯಯನ, ರಾಜಕೀಯ, ಸರ್ಕಾರಿ ಕೆಲಸ, ಇಲ್ಲವೇ ಲೈಸೆನ್ಸ್ ಇರುವ ಪತ್ತೇದಾರರ ತನಿಖೆ. ಇಂಥ ಕಾರಣಕ್ಕೆ ಅಂತ ಪ್ರಮಾಣ ಮಾಡಿ ಬರೆದುಕೊಟ್ಟರೆ ಮಾತ್ರ ವಿಳಾಸ. ಅದನ್ನು ಸರಕು ಮಾರಲು ಬಳಸುವಂತಿಲ್ಲ. ಈ ನಿರ್ಬಂಧದ ಮೇಲೆ ಒಂದು ಪ್ರಕಾಶನ ಸಂಸ್ಥೆ ಲಾಸ್ ಏಂಜಲೀಸ್ ಪೊಲೀಸರ ವಿರುದ್ಧ ಹೋರಾಡಿತು. 1999ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸಂಸ್ಥೆಯ ಕಡೆಗೆ ತೀರ್ಪು ಕೊಡಲಿಲ್ಲ.

ಪತ್ರ ಉದ್ದ ಇರಬೇಕಿಲ್ಲ. ಹೆಸರು, ಹುಟ್ಟಿದ ದಿನ ಗೊತ್ತಿದ್ದರೆ ಅದು, ಯಾವ ದಿನ ಎಲ್ಲಿ ಹಿಡಿದರು, ಸೆಕ್ಷನ್ 7923.610ರ ಪ್ರಕಾರ ವಿವರ ಕೊಡಿ. ಇಷ್ಟು ಸಾಕು. 10 ದಿನದಲ್ಲಿ ಕೊಡುತ್ತೇವೋ ಇಲ್ಲವೋ ಹೇಳಬೇಕು, ವಿಶೇಷ ಕಾರಣ ಇದ್ದರೆ ಇನ್ನು 14 ದಿನ ತೆಗೆದುಕೊಳ್ಳಬಹುದು. ತಡ ಮಾಡದೆ ಕೇಳಿ. ಈ ಕರ್ತವ್ಯ ಆಗಷ್ಟೇ ಆದ ಅರೆಸ್ಟ್‌ಗಳಿಗೆ ಮಾತ್ರ, ಹತ್ತು ವರ್ಷ ಹಳೆಯದಕ್ಕಲ್ಲ ಎಂದು 1993ರಲ್ಲೇ ಅಲ್ಲಿನ ಮೇಲ್ಮನವಿ ಕೋರ್ಟೊಂದು ಹೇಳಿದೆ.

ಕೋರ್ಟಿನಲ್ಲಿ ಏನಾಯಿತು?

ಕ್ಯಾಲಿಫೋರ್ನಿಯಾದಲ್ಲಿ ಒಳಗಿಟ್ಟವರನ್ನು ಭಾನುವಾರ ಮತ್ತು ರಜೆ ಬಿಟ್ಟು 48 ಗಂಟೆಯೊಳಗೆ ಜಡ್ಜ್ ಮುಂದೆ ತರಬೇಕು. ಅಷ್ಟರಲ್ಲಿ ಡಿಸ್ಟ್ರಿಕ್ಟ್ ಅಟಾರ್ನಿ (ಸರ್ಕಾರದ ಪರ ಕೇಸು ನಡೆಸುವ ವಕೀಲರು) ಕೇಸು ಹಾಕಬೇಕೋ ಬೇಡವೋ ನೋಡುತ್ತಾರೆ. ಹಾಕಿದರೆ ಸುಪೀರಿಯರ್ ಕೋರ್ಟ್ ಎಂಬ ಕೌಂಟಿಯ ವಿಚಾರಣಾ ಕೋರ್ಟಿನಲ್ಲಿ ಕಡತ ಹುಟ್ಟುತ್ತದೆ. ಪೊಲೀಸರು ಬರೆದ ಆರೋಪವೂ ಅಟಾರ್ನಿ ಹಾಕಿದ ಆರೋಪವೂ ಒಂದೇ ಆಗಿರಬೇಕೆಂದಿಲ್ಲ. ಎಷ್ಟೋ ಸಲ ಎರಡನೆಯದು ಹಗುರವಾಗಿರುತ್ತದೆ.

ಕೇಸ್ ನಂಬರ್, ತಾರೀಖು ಮುಂತಾದವು ಕೋರ್ಟಿನ ಪೋರ್ಟಲ್‌ನಲ್ಲಿ ಸಿಗುತ್ತವೆ. ಆದರೆ ಕ್ರಿಮಿನಲ್ ಕಡತದೊಳಗಿನ ಕಾಗದಗಳನ್ನು ಸಾಮಾನ್ಯ ಜನ ಮನೆಯಿಂದ ತೆರೆಯಲಾಗದು. ರಾಜ್ಯದ ಕೋರ್ಟ್ ನಿಯಮ ಹಾಗಿದೆ. ಹೆಡಿಂಗ್ ಸ್ಟ್ರೀಟ್‌ನ ಹಾಲ್ ಆಫ್ ಜಸ್ಟಿಸ್‌ಗೇ ಹೋಗಿ ನೋಡಬೇಕು. ಪ್ರತಿಗೆ ಪುಟಕ್ಕೆ 50 ಸೆಂಟ್. ಪೋರ್ಟಲ್‌ನಲ್ಲಿ ಹುಟ್ಟಿದ ದಿನ ಹಾಕಿ ಹುಡುಕುವ ಸೌಲಭ್ಯವನ್ನೂ ಈಗ ತೆಗೆದಿದ್ದಾರೆ. ರಿವರ್‌ಸೈಡ್ ಕೌಂಟಿ ಕೋರ್ಟಿನ ಮೇಲೆ ಬಂದ ದಾವೆಯಲ್ಲಿ, ಹುಟ್ಟಿದ ದಿನ ಮತ್ತು ಲೈಸೆನ್ಸ್ ನಂಬರ್‌ನಿಂದ ಸೋಸಲು ಬಿಡುವುದು ನಿಯಮಕ್ಕೆ ವಿರುದ್ಧ ಎಂದು 2021ರಲ್ಲಿ ತೀರ್ಪಾಯಿತು. ಹಳೆಯ ತಪ್ಪಿನ ನೆರಳಿನಿಂದ ಹೊರಬರಲು ಹೆಣಗುವವರಿಗೆ ಇದು ಆಸರೆ. ನಮ್ಮಂಥ ಹುಡುಕುವವರಿಗೆ ಕೆಲಸ ಜಾಸ್ತಿ. ನನಗೆ ಮೊದಲನೆಯದೇ ದೊಡ್ಡದು ಅನ್ನಿಸುತ್ತದೆ.

ಅಟಾರ್ನಿ ಕೇಸು ಹಾಕಲೇ ಇಲ್ಲ ಅನ್ನಿ. ಆಗ ಕ್ಯಾಲಿಫೋರ್ನಿಯಾದ ದಂಡ ಸಂಹಿತೆಯ 849.5 ಹೇಳುವುದನ್ನು ಓದಿ ನಾನು ಪುಸ್ತಕದ ಬದಿಯಲ್ಲಿ ಗೆರೆ ಎಳೆದಿದ್ದೇನೆ. ಬಿಟ್ಟ ಮೇಲೆ ಆರೋಪ ಸಲ್ಲಿಸದಿದ್ದರೆ ಅದನ್ನು ಅರೆಸ್ಟ್ ಎಂದೇ ಎಣಿಸಬಾರದು, ಸ್ವಲ್ಪ ಹೊತ್ತು ತಡೆದಿಟ್ಟದ್ದು ಅಷ್ಟೇ. ಜೈಲಿನ ಪಟ್ಟಿಯನ್ನು ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳುವವರಿಗೆ ಇದು ಗೊತ್ತೇ ಇರುವುದಿಲ್ಲ ಅಲ್ವಾ? ಅದಕ್ಕೇ ಬುಕಿಂಗ್ ನೋಡಿ ನಿಲ್ಲಿಸಬೇಡಿ, ಕೋರ್ಟಿನ ತನಕ ಹೋಗಿ. ಫೋಟೋ ಬಗ್ಗೆಯೂ ಕಾನೂನು ಬದಲಾಗಿದೆ. ಹಿಂಸೆಯಲ್ಲದ ಅಪರಾಧದ ಸಂಶಯದಲ್ಲಿ ಹಿಡಿದವರ ಬುಕಿಂಗ್ ಫೋಟೋವನ್ನು ಪೊಲೀಸರು ಸೋಷಿಯಲ್ ಮೀಡಿಯಾದಲ್ಲಿ ಹಾಕಬಾರದು, ಕೆಲವು ವಿನಾಯಿತಿ ಬಿಟ್ಟು. ಇದು 2022ರಿಂದ. ಹಾಕಿದ ಫೋಟೋ ಅಳಿಸಲು ಖಾಸಗಿ ಸೈಟುಗಳು ದುಡ್ಡು ಕೇಳುವುದು 2015ರಿಂದಲೇ ತಪ್ಪು.

ನಿಮ್ಮದೇ ದಾಖಲೆ ಆದರೆ

ಸ್ವಂತ ಇತಿಹಾಸ ಬೇಕಾದರೆ ಲೈವ್ ಸ್ಕ್ಯಾನ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ರಾಜ್ಯದ ನ್ಯಾಯ ಇಲಾಖೆಯಿಂದ ತರಿಸಿಕೊಳ್ಳಬಹುದು. ಆ ಪೂರ್ತಿ ದಾಖಲೆ ಸಾರ್ವಜನಿಕ ಅಲ್ಲ, ನೆರೆಹೊರೆಯವರು ಕೇಳಿದರೆ ಸಿಗದು. ತಪ್ಪಿದ್ದರೆ ತಿದ್ದಲು ಕೇಳಬಹುದು. ಶಿಕ್ಷೆಯಾಗದ ಅರೆಸ್ಟ್ ಅನ್ನು ಸೀಲ್ ಮಾಡಿಸಲು, ಅಂದರೆ ಜನರಿಗೆ ಕಾಣದಂತೆ ಮುಚ್ಚಿಸಲು, 2018ರಿಂದ ದಂಡ ಸಂಹಿತೆಯ 851.91 ದಾರಿ ತೆರೆದಿದೆ.

ವೀಸಾ ಅಥವಾ ಗ್ರೀನ್ ಕಾರ್ಡ್ ಮೇಲಿರುವವರು ಇಲ್ಲಿ ಎಚ್ಚರ ಇರಬೇಕು. ಕೋರ್ಟ್ ಸೀಲ್ ಮಾಡಿದ್ದರೂ ಪೌರತ್ವದ ಅರ್ಜಿ ಎನ್-400ರಲ್ಲಿ ಅರೆಸ್ಟ್ ಹೇಳಲೇಬೇಕು. ವಲಸೆ ಇಲಾಖೆ ಕೇಳುವುದು ಕೋರ್ಟ್ ದೃಢೀಕರಿಸಿದ ತೀರ್ಪಿನ ಪ್ರತಿ. ಸೀಲ್ ಆದ ಮೇಲೆ ಅದನ್ನು ಪಡೆಯಲು ಪರದಾಡಬೇಕಾಗುತ್ತದೆ. ಹಾಗಾಗಿ ಸೀಲ್‌ಗೆ ಅರ್ಜಿ ಹಾಕುವ ಮೊದಲೇ ಕೌಂಟರಿನಲ್ಲಿ ದೃಢೀಕೃತ ಪ್ರತಿ ಎರಡು ತೆಗೆದುಕೊಳ್ಳಿ. ಕೇಸು ಹಾಕಿಲ್ಲದಿದ್ದರೆ, ಹಾಕಿಲ್ಲ ಎಂದು ಡಿಸ್ಟ್ರಿಕ್ಟ್ ಅಟಾರ್ನಿ ಕಚೇರಿಯಿಂದ ಬರೆಸಿಕೊಳ್ಳಿ. ವಲಸೆ ವಕೀಲರ ಹತ್ತಿರ ಹೋಗುವಾಗ ಇವೇ ಕಾಗದ ಕೈಯಲ್ಲಿರಲಿ.